ತರಿಯ ಸದ್ದಿಗಿಂತ ಜೋರಾಗಿ ‘ಲಾ’

ಬೆಳಗಿನ ಜಾವ ಐದೂಕಾಲು. ಕೊಯಮತ್ತೂರಿನ ಬಳಿಯ ಸೋಮನೂರಿನ ಹಿಂಬದಿಯ ಓಣಿಯೊಂದರಲ್ಲಿ, ಹಂಚಿನ ಮಾಡಿನ ಶೆಡ್ಡಿನೊಳಗೆ ಎಂಟು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿವೆ. ಇಲ್ಲಿನವರ ಬಾಯಲ್ಲಿ ಮಗ್ಗ ಅಂದರೆ ‘ತರಿ’. ಕಿವಿಗೆ ಬಾಯಿಟ್ಟು ಕೂಗಿದರೂ ಆ ಸದ್ದಿನಲ್ಲಿ ಅರ್ಧ ಮಾತು ಕಳೆದುಹೋಗುತ್ತದೆ. ಮೂಲೆಯಲ್ಲಿ, ಲಾಳಿಯೊಳಗೆ ಕೂರುವ ಕಡ್ಡಿಗಳಿಗೆ ನೂಲು ಸುತ್ತುವ ಯಂತ್ರದ ಮುಂದೆ ಜಾನಮ್ಮ ನಿಂತಿದ್ದಾರೆ. ನಲವತ್ತಾರರ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾರೆ, ರೆಪ್ಪೆಯ ಮೇಲೆಲ್ಲ ಹತ್ತಿಯ ಹುಡಿ. ಒಂದು ಕಡ್ಡಿ ತುಂಬಿದರೆ ಕಿತ್ತು ಬುಟ್ಟಿಗೆ ಎಸೆಯುತ್ತಾರೆ, ಇನ್ನೊಂದನ್ನು ಸಿಕ್ಕಿಸುತ್ತಾರೆ. ಕೈ ನೋಡುವ ಅಗತ್ಯ ಅವರಿಗಿಲ್ಲ. ಅವರ ಕಣ್ಣು ಎದುರಿಗೆ ನಿಂತಿರುವ ಪೊನ್ನಮ್ಮನ ತುಟಿಯ ಮೇಲಿದೆ.

ಪೊನ್ನಮ್ಮನಿಗೆ ಮೂವತ್ತೊಂದು ವರ್ಷ. ಬರುವ ಗುರುವಾರ ಮಸ್ಕತ್ತಿಗೆ ಹೊರಟಿದ್ದಾಳೆ, ವೈದ್ಯರೊಬ್ಬರ ಮನೆಗೆಲಸಕ್ಕೆ. ಜಾನಮ್ಮ ತುಟಿಯಲ್ಲೇ ಕೇಳುತ್ತಾರೆ: ಯಾವ ದೇಶ? ಯಾವ ಊರು? ಯಾರ ಮನೆ? ಪೊನ್ನಮ್ಮ ತುಟಿಯಲ್ಲೇ ಉತ್ತರಿಸುತ್ತಾಳೆ. ಆ ಮನೆಯ ಫೋನ್ ನಂಬರಿನ ಐದನೇ ಅಂಕಿಗೆ ಬಂದಾಗ ತಡವರಿಸುತ್ತಾಳೆ. ಜಾನಮ್ಮ ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತಾರೆ. ಮೊದಲಿಂದ ಹೇಳು ಎಂದು ಅರ್ಥ.

ಕೊನೆಯ ಪ್ರಶ್ನೆ: ಯಾರಾದರೂ ಕೈ ಹಿಡಿದು ಎಳೆದರೆ?

“ಲಾ” ಎನ್ನುತ್ತಾಳೆ ಪೊನ್ನಮ್ಮ.

ಜಾನಮ್ಮ ಕಿವಿಗೆ ಕೈಯಿಟ್ಟು ತಲೆಯಾಡಿಸುತ್ತಾರೆ. ಕೇಳಿಸಲಿಲ್ಲ.

“ಲಾ!”

ಇನ್ನೂ ಕೇಳಿಸಲಿಲ್ಲ. ಮೂರನೆಯ ಸಲ ಪೊನ್ನಮ್ಮ ಕಣ್ಣು ಮುಚ್ಚಿಕೊಂಡು, ಎರಡೂ ಮುಷ್ಟಿ ಬಿಗಿದು ಕಿರುಚುತ್ತಾಳೆ. ಆಚೆ ತುದಿಯ ತರಿಯಲ್ಲಿ ನೇಯುತ್ತಿದ್ದವನು ಬೆಚ್ಚಿ ತಿರುಗಿ ನೋಡುತ್ತಾನೆ. ಜಾನಮ್ಮನ ಮುಖ ಅರಳುತ್ತದೆ. ಇವತ್ತಿನ ಪಾಠ ಮುಗಿಯಿತು.

ಜಾನಮ್ಮ ಶಾಲೆಗೆ ಹೋದವರಲ್ಲ. ಮನೆಮಾತು ಕನ್ನಡ, ಅಜ್ಜನ ಅಜ್ಜನ ಕಾಲಕ್ಕೇ ಮಗ್ಗ ಹೊತ್ತು ಇಲ್ಲಿಗೆ ಬಂದ ನೇಕಾರರ ಮನೆತನ. ಆದರೆ ಕನ್ನಡ ಅಕ್ಷರ ಅವರಿಗೆ ಬಾರದು, ತಮಿಳಿನದೂ ಬಾರದು. ಆದರೂ ಅವರ ಕೈಯಲ್ಲಿ ಪಾಠ ಕಲಿತು ಕೊಲ್ಲಿ ದೇಶಗಳಲ್ಲಿ ಸುರಕ್ಷಿತವಾಗಿ ಬದುಕು ಕಟ್ಟಿಕೊಂಡವರು ಇವತ್ತಿಗೆ ಅರವತ್ತಮೂರು ಮಂದಿ. ಹೆಂಗಸರು ನಲವತ್ತೊಂದು, ಗಂಡಸರು ಇಪ್ಪತ್ತೆರಡು. ಮನೆಗೆಲಸದವರು, ಗಾರೆಯವರು, ಡ್ರೈವರುಗಳು, ಒಬ್ಬ ದರ್ಜಿ. ಕೊಯಮತ್ತೂರಿನಿಂದ ಕುನ್ನತ್ತೂರಿನವರೆಗೆ ಯಾರ ಮನೆಯಲ್ಲಿ ಹೊಸ ಪಾಸ್‌ಪೋರ್ಟ್ ಬಂದರೂ, “ಮೊದಲು ನೂಲು ಸುತ್ತುವ ಜಾನಮ್ಮನನ್ನು ನೋಡಿ ಬಾ” ಎನ್ನುವುದು ಈಗ ರೂಢಿಯಾಗಿದೆ. ಪಾಠಕ್ಕೆ ಶುಲ್ಕವಿಲ್ಲ. ಒಂದೇ ಷರತ್ತು: ಪಾಠ ಒಪ್ಪಿಸುವ ತನಕ ರೈಲು ಹತ್ತಕೂಡದು.

ಪಾಳಿ ಮುಗಿಯುವುದು ಮಧ್ಯಾಹ್ನ ಒಂದಕ್ಕೆ. ಅಷ್ಟರಲ್ಲಿ ಅವರ ಕೈಯಲ್ಲಿ ನಾನೂರಕ್ಕೂ ಹೆಚ್ಚು ಕಡ್ಡಿಗಳು ತುಂಬಿರುತ್ತವೆ. ಶೆಡ್ಡಿನ ಒಡತಿ ಕನ್ನಿಯಮ್ಮಾಳ್ ಈ ಶಾಲೆಗೆ ಅಡ್ಡಿ ಮಾಡಿಲ್ಲ. “ಅವಳ ಕೈ ನಿಲ್ಲದೆ ಇದ್ರೆ ಸರಿ. ಬಾಯಿ ಏನ್ ಮಾಡಿದ್ರೆ ನಂಗೇನು?” ಎನ್ನುತ್ತಾರೆ.

ಮಧ್ಯಾಹ್ನ ಮನೆಯ ಜಗಲಿಯಲ್ಲಿ ಕೂತು ಜಾನಮ್ಮ ನನ್ನ ಜೊತೆ ಮಾತಾಡುತ್ತಾರೆ. ಗಂಡ ಸುಬ್ಬಯ್ಯನ್ ಒಂದೇ ಕೈಯಲ್ಲಿ ಚಹಾ ಸೋಸಿ ತಂದುಕೊಡುತ್ತಾರೆ. ಅವರ ಬಲಗೈ ಮೊಣಕೈಯಿಂದ ಕೆಳಗೆ ಒಣಗಿದೆ. ಹನ್ನೊಂದು ವರ್ಷದ ಹಿಂದೆ, ೧೯೭೭ರಲ್ಲಿ ತರಿಯ ಬೆಲ್ಟಿಗೆ ಸಿಕ್ಕಿದ್ದು. ಮಗಳು ವಿಜಯಕುಮಾರಿಗೆ ಆಗ ಹನ್ನೊಂದು ವರ್ಷ. ಮರುವರ್ಷವೇ ಜಾನಮ್ಮ ಏಜೆಂಟನೊಬ್ಬನ ಮಾತು ನಂಬಿ ವಿಮಾನ ಹತ್ತಿದರು.

“ದುಬೈಲಿ ಆಸ್ಪತ್ರೆ ಅಡಿಗೆ ಮನೆ ವೇಲೆ, ಒಳ್ಳೆ ಕೆಲ್ಸ ಅಂದಿದ್ದ. ಇಳಿದ ಕೂಡ್ಲೆ ಒಬ್ಬ ಬಂದು ಪಾಸ್‌ಪೋರ್ಟ್ ಇಸ್ಕೊಂಡ. ಕಾರಲ್ಲಿ ಕೂರ್ಸ್ಕೊಂಡು ಹೋಗಿ ಒಂದು ದೊಡ್ಡ ಮನೇಲಿ ಬಿಟ್ಟ. ಆಸ್ಪತ್ರೇನೂ ಇಲ್ಲ, ಒಂದೂ ಇಲ್ಲ. ಹದಿನಾಲ್ಕು ಜನರ ಬಟ್ಟೆ, ಪಾತ್ರೆ. ಮೂರು ವಾರ ಆದ್ಮೇಲೆ ಬಟ್ಟೆ ಇಸ್ತ್ರಿಗೆ ತಗೊಳ್ಳೋಕೆ ಬರ್ತಿದ್ದ ಮಲೆಯಾಳಿ ಒಬ್ಬ ಇದ್ದ, ಅವನ್ನ ಕೇಳ್ದೆ, ಈ ದುಬೈಲಿ ಮಳೆ ಬರಲ್ವಾ ಅಂತ. ಅವನು ನಗಾಡ್ಬಿಟ್ಟ. ‘ಚೇಚಿ, ಇದು ದುಬೈ ಅಲ್ಲ, ಬಹರೇನ್’ ಅಂದ. ನೋಡಿ ಸಾರ್, ನಾನು ಇರೋ ದೇಶದ ಹೆಸ್ರೇ ನಂಗೆ ಗೊತ್ತಿಲ್ಲ! ಅವತ್ತು ಬಂತು ಪಯ. ಸತ್ರೂ ಎಲ್ಲಿ ಸತ್ತೆ ಅಂತ ಮನೆಯೋರಿಗೆ ತಿಳಿಯಲ್ವಲ್ಲ ಅಂತ.”

ಭಯ ಬಂದದ್ದು ಒಂದು ದಿನ ಮಾತ್ರ. ಮರುದಿನದಿಂದ ಅವರು ನೋಡುವುದಕ್ಕೆ ಶುರು ಮಾಡಿದರು. ಅರಬ್ಬಿ ಒಂದಕ್ಷರ ತಿಳಿಯದು. ಆದರೆ ಹದಿನೈದು ವರ್ಷ ತರಿ ಶೆಡ್ಡಿನಲ್ಲಿ ತುಟಿ, ಕೈಸನ್ನೆಯಿಂದಲೇ ಮಾತು ಹಿಡಿದವರು. “ಕಿವಿ ಕೇಳದ ಜಾಗದಲ್ಲಿ ಬೆಳ್ದೋಳು ನಾನು. ಭಾಷೆ ಬರದ ಊರು ನನ್ನ ಏನ್ ಮಾಡತ್ತೆ?” ಮನೆಯೊಡತಿಯ ಹುಬ್ಬು, ಬೆರಳು, ತುಟಿ ನೋಡಿಯೇ ಎರಡು ತಿಂಗಳಲ್ಲಿ ನೂರಾರು ಮಾತು ಕಲಿತರು. ಆ ಮನೆಯಲ್ಲಿ ಸಂಬಳ ಕೇಳಿದಾಗಲೆಲ್ಲ ‘ಮುಂದಿನ ತಿಂಗಳು’ ಎಂಬ ಉತ್ತರ. ಊರಿಗೆ ಕಾಗದ ಬರೆಸಲು ಬಿಡಲಿಲ್ಲ. ಐದನೇ ತಿಂಗಳು ಒಡತಿಯ ತಮ್ಮ ಅಡಿಗೆ ಮನೆಯಲ್ಲಿ ಕೈ ಹಿಡಿದಾಗ ಜಾನಮ್ಮ ಕಲಿತ ಮಾತುಗಳಲ್ಲಿ ಒಂದೇ ಒಂದನ್ನು ಬಳಸಿದರು. ಇಡೀ ಮನೆಗೆ ಕೇಳುವಂತೆ ಬಳಸಿದರು.

“ಲಾ. ಅಂದ್ರೆ ಇಲ್ಲ, ಆಗಲ್ಲ. ನಾವು ‘ಇಲ್ಲ’ ಅಂತೀವಿ, ತಮಿಳ್ನವ್ರು ‘ಇಲ್ಲೆ’ ಅಂತಾರೆ, ಅಲ್ಲಿ ‘ಲಾ’. ನೋಡಿ, ಮೂರರಲ್ಲೂ ಆ ‘ಲ’ ಇದೆ ತಾನೆ? ಬಾಯ್ಬಿಟ್ಟು ಹೇಳ್ಬೇಕು, ಅಷ್ಟೆ. ಆ ಮನೆ ಮುದುಕಿ ಓಡಿ ಬಂದ್ಳು. ಅವನು ಕೈ ಬಿಟ್ಟ.”

ಇಸ್ತ್ರಿಯವನನ್ನು ಕೇಳಿ ಭಾರತದ ರಾಯಭಾರ ಕಚೇರಿ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂದು ತಿಳಿದುಕೊಂಡರು. ಎಡಕ್ಕೆ ತಿರುಗಿ ಮಸೀದಿ, ಆಮೇಲೆ ನೀಲಿ ಬಾಗಿಲಿನ ಬ್ರೆಡ್ ಅಂಗಡಿ, ಆಮೇಲೆ ಗಡಿಯಾರ ಇರುವ ಬ್ಯಾಂಕು. ಒಂದು ವಾರ ದಾರಿಯನ್ನು ಬಾಯಿಪಾಠ ಮಾಡಿ, ಒಂದು ಸೋಮವಾರ ಕಸ ಹಾಕಲು ಹೊರಟವರು ಬಕೆಟ್ಟನ್ನು ಗೇಟಿನ ಹತ್ತಿರ ಇಟ್ಟು ನಡೆದುಬಿಟ್ಟರು. ಒಂದೂವರೆ ಗಂಟೆಯ ನಡಿಗೆ. ಕಚೇರಿಯವರು ಮನೆಯವರನ್ನು ಕರೆಸಿ ಪಾಸ್‌ಪೋರ್ಟ್ ಕೊಡಿಸಿದರು, ಊರಿಗೆ ಕಳಿಸುತ್ತೇವೆ ಎಂದರು.

ಜಾನಮ್ಮ ಒಪ್ಪಲಿಲ್ಲ.

“ಓಡಿ ಬರೋಕಾ ನಾನು ಹೋಗಿದ್ದು? ಬಾಳೋಕೆ ಹೋಗಿದ್ದು. ವೇಲೆ ಮಾಡ್ತೀನಿ, ಕಾಗದ ಸರಿ ಇರೋ ಮನೆ ತೋರ್ಸಿ ಅಂದೆ. ಅಲ್ಲಿದ್ದ ಗುಮಾಸ್ತ ನನ್ ಮುಖಾನೇ ನೋಡ್ದ.” ಹಳೆಯ ಮನೆಯವರಿಂದ ಬಿಡುಗಡೆ ಪತ್ರ ಬರೆಸಿಕೊಳ್ಳುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಆಮೇಲೆ ಸಿಕ್ಕಿದ್ದು ಇಬ್ಬರು ಶಾಲಾ ಉಪಾಧ್ಯಾಯಿನಿಯರ ಮನೆ. ಅಲ್ಲಿ ನಾಲ್ಕೂವರೆ ವರ್ಷ ಕೆಲಸ ಮಾಡಿ, ಶುಕ್ರವಾರ ಶುಕ್ರವಾರ ರಜೆ ಪಡೆದು, ಮಗಳನ್ನು ಹತ್ತನೇ ತರಗತಿ ಓದಿಸಿ ಇಂಗ್ಲಿಷ್ ಟೈಪಿಂಗ್ ಕಲಿಸಿ, ೧೯೮೩ರಲ್ಲಿ ಸ್ವಂತ ಟಿಕೆಟ್ಟಿನಲ್ಲಿ ವಾಪಸು ಬಂದರು.

ಆದ್ದರಿಂದ ಪರದೇಶಕ್ಕೆ ಹೋಗಬೇಡ ಎಂದು ಅವರು ಯಾರಿಗೂ ಹೇಳುವುದಿಲ್ಲ. ಹಾಗೆ ಉಪದೇಶ ಮಾಡುವವರನ್ನು ಕಂಡರೆ ಅವರಿಗೆ ಸಿಟ್ಟು. “ಹೆಂಗಸು ಗಡಿ ದಾಟಿದ್ರೆ ಕೆಟ್ಟೋಗ್ತಾಳೆ ಅಂತಾರಲ್ಲ, ಅವ್ರ ಮನೇಲಿ ಒಂದು ದಿನ ಒಲೆ ಹತ್ತದೆ ಇದ್ರೆ ಗೊತ್ತಾಗತ್ತೆ. ಹೋಗಲಿ. ಕಣ್ಣು ಬಿಟ್ಕೊಂಡು ಹೋಗಲಿ.”

ಅವರ ಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಗ್ಯಾಸ್ ಒಲೆಯೊಂದಿದೆ. ನಾಲ್ಕು ಗುಬುಟುಗಳು. ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಸೌದೆ ಒಲೆ ಬಿಟ್ಟು ಬೇರೆ ಕಂಡವರಲ್ಲ. ಗೋಡೆಯ ಗುಬುಟನ್ನು ಹಿಡಿದು ತಿರುಗಿಸಿ, ಮೂಗಿನಿಂದ ವಾಸನೆ ನೋಡಿ, ಕಿಟಕಿ ತೆಗೆಯುವ ಅಭಿನಯ ಮಾಡಬೇಕು. ನಗು ಬಂದರೆ ಮತ್ತೆ ಮೊದಲಿಂದ. ಪಾಸ್‌ಪೋರ್ಟ್ ಯಜಮಾನ ಕೇಳಿದರೆ ಕೊಡಬೇಕಾದೀತು. ಅದಕ್ಕೇ ಅದರ ನಕಲನ್ನು ಒಳಲಂಗದ ಅಂಚಿನಲ್ಲಿ ಹೊಲಿದುಕೊಂಡು ಹೋಗಬೇಕು. ಫೋನ್ ನಂಬರುಗಳು ಚೀಟಿಯಲ್ಲಿದ್ದರೆ ಸಾಲದು, ಬಾಯಲ್ಲಿರಬೇಕು. “ಚೀಟಿ ಕಿತ್ಕೋಬೋದು. ನಾಲಿಗೆ ಮೇಲಿರೋದ ಯಾರು ಕಿತ್ಕೋತಾರೆ?” ಮೊದಲ ವಾರದಲ್ಲೇ ಬೀದಿಯಲ್ಲಿ ನಮ್ಮ ಕಡೆ ಭಾಷೆ ಆಡುವವರು ಒಬ್ಬರನ್ನಾದರೂ ಗುರುತು ಮಾಡಿಕೊಳ್ಳಬೇಕು.

ಇನ್ನೊಂದು ಗುಟ್ಟಿನ ಪಾಠ. ಕೊಲ್ಲಿಗೆ ಹೋದವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವುದು ಈಗ ಸಾಮಾನ್ಯ. ಆದರೆ ಅಲ್ಲಿ ಪಕ್ಕದಲ್ಲಿ ಯಜಮಾನ ಕೂತಿದ್ದರೆ ಕಷ್ಟ ಹೇಳುವುದು ಹೇಗೆ? ಪ್ರತಿಯೊಬ್ಬರಿಗೂ ಜಾನಮ್ಮ ಒಂದು ಸುಳ್ಳು ಪ್ರಶ್ನೆ ಕಲಿಸುತ್ತಾರೆ. ಕುನ್ನತ್ತೂರಿನ ಶಿವಗಾಮಿಗೆ ಕೊಟ್ಟಿದ್ದು, “ಅತ್ತೆಯ ಹಲ್ಲುನೋವು ಹೇಗಿದೆ?” ಅವಳ ಅತ್ತೆಗೆ ಒಂದೂ ಹಲ್ಲಿಲ್ಲ. ಆ ಮಾತು ಕ್ಯಾಸೆಟ್ಟಿನಲ್ಲಿ ಬಂದರೆ ಮನೆಯವರು ಅಂದೇ ಜಾನಮ್ಮನ ಹತ್ತಿರ ಓಡಿ ಬರಬೇಕು.

ಈ ಶಿವಗಾಮಿಯಿಂದಲೇ ಜಾನಮ್ಮನ ದೊಡ್ಡ ಜಗಳ ಶುರುವಾದದ್ದು.

೧೯೮೬ರ ಜನವರಿ. ಶಿವಗಾಮಿ ರೈತರ ಮನೆಯ ಹೆಣ್ಣು, ವಯಸ್ಸು ಇಪ್ಪತ್ತಾರು, ಗಂಡ ತೀರಿಕೊಂಡು ಎರಡು ವರ್ಷ. ಕೊಯಮತ್ತೂರಿನ ಏಜೆಂಟನೊಬ್ಬ ಅವಳೂ ಸೇರಿ ಐವರು ಹೆಂಗಸರನ್ನು ಮಸ್ಕತ್ತಿಗೆ ಕಳಿಸುವುದಾಗಿ ಹೇಳಿದ್ದ. ಅವನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಜಾನಮ್ಮ ಮಾತ್ರ ಅವನ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳುತ್ತಾರೆ. ಪಾಠ ಒಪ್ಪಿಸುವಾಗ ‘ಯಾರ ಮನೆ?’ ಎಂಬ ಪ್ರಶ್ನೆಗೆ ಶಿವಗಾಮಿ, “ಕಾಗದ ಸ್ಟೇಷನ್ನಲ್ಲಿ ಕೊಡ್ತಾರಂತೆ ಅಕ್ಕಾ” ಎಂದಳು.

ಹೊರಡುವ ದಿನ ಬೆಳಿಗ್ಗೆ ಜಾನಮ್ಮ ಮಗಳನ್ನು ಕರೆದುಕೊಂಡು ಕೊಯಮತ್ತೂರು ಸ್ಟೇಷನ್ನಿಗೆ ಹೋದರು. ಬೊಂಬಾಯಿ ರೈಲು ನಿಂತಿತ್ತು. ಐವರೂ ಒಳಗೆ ಕೂತಿದ್ದರು. ಏಜೆಂಟ್ ಕಿಟಕಿಯಿಂದ ಲಕೋಟೆಗಳನ್ನು ಕೊಡುತ್ತಿದ್ದ. ವಿಜಯಕುಮಾರಿ ಶಿವಗಾಮಿಯ ಲಕೋಟೆ ಇಸಿದುಕೊಂಡು ಅಲ್ಲೇ ನಿಂತು ಓದಿದಳು. ಕೆಲಸ ಕೊಡುವವರ ಹೆಸರಿನ ಜಾಗ ಖಾಲಿ. ವಿಳಾಸದ ಜಾಗ ಖಾಲಿ. ಕೆಳಗೆ ಮಾತ್ರ ಶಿವಗಾಮಿಯ ಹೆಬ್ಬೆಟ್ಟು. ವೀಸಾ ಕೆಲಸದ್ದಲ್ಲ, ಒಂದು ತಿಂಗಳು ನೋಡಿಕೊಂಡು ಬರುವವರಿಗೆ ಕೊಡುವಂಥದ್ದು.

“ಇವಳು ಹೋಗ್ತಿರೋದು ಯಾರ ಮನೆಗೆ? ಹೆಸ್ರು ಹೇಳು” ಎಂದು ಜಾನಮ್ಮ ಕೇಳಿದರು.

ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ ಎಂದ ಏಜೆಂಟ್. ಅವರು ಬಿಡದಿದ್ದಾಗ ಜನರೆಲ್ಲ ಕೇಳುವಂತೆ ತಮಿಳಿನಲ್ಲಿ ಬೈದ: “ಕೈಯೆಳುತ್ತು ಪೋಡ ತೆರಿಯಾದವ, ನೀ ಯಾರು ಕೇಕ್ಕ?” ಸಹಿ ಹಾಕಲು ಬಾರದವಳು, ಕೇಳುವುದಕ್ಕೆ ನೀನು ಯಾರು?

“ಸೈನ್ ಹಾಕೋಕೆ ಬರಲ್ಲ, ಹೌದು. ಅದಕ್ಕೇ ಕೇಳ್ತಿದೀನಿ” ಎಂದರು ಜಾನಮ್ಮ. ಬೋಗಿಯೊಳಗೆ ಹತ್ತಿ ಶಿವಗಾಮಿಯ ತಗಡಿನ ಪೆಟ್ಟಿಗೆಯನ್ನು ಎಳೆದು ಪ್ಲಾಟ್‌ಫಾರ್ಮಿಗೆ ಇಳಿಸಿ ಅದರ ಮೇಲೆ ಕೂತುಬಿಟ್ಟರು. “ಹೆಸ್ರು ಬರೆಯೋ ತನಕ ಈ ಪೆಟ್ಟಿಗೆ ಏಳಲ್ಲ.” ಶಿವಗಾಮಿ ಅಳುತ್ತಾ ಇಳಿದಳು. ವಿಜಯಕುಮಾರಿ ಉಳಿದವರ ಕಾಗದವನ್ನೂ ಓದಿ ಹೇಳಿದಳು. ಇನ್ನೂ ಮೂವರು ಇಳಿದರು. ಒಬ್ಬಳು ಇಳಿಯಲಿಲ್ಲ.

ಅವಳನ್ನು ಇಲ್ಲಿ ಪಾಪಾತಿ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಅವಳ ಬಗ್ಗೆ ಹೇಳುವಾಗ ಜಾನಮ್ಮನ ದನಿ ಮೊದಲ ಸಲ ತಗ್ಗುತ್ತದೆ. “ಕಿಟಕಿ ಒಳಗೆ ಕೈ ಹಾಕಿ ಅವಳ ಕೈ ಹಿಡ್ಕೊಂಡೆ. ‘ನೀನು ಹೋಗಿ ಚೆನ್ನಾಗಿ ಬಾಳ್ದೆ, ನನ್ನ ಯಾಕೆ ತಡೀತೀಯ’ ಅಂದ್ಳು. ಕೊಸರ್ಕೊಂಡ್ಳು. ರೈಲು ಹೊರಟ್ತು.”

ಒಂದು ವಾರದೊಳಗೆ ಏಜೆಂಟ್ ತನ್ನ ಕೈ ತೋರಿಸಿದ. ಆಗ ಜಾನಮ್ಮ ಕೆಲಸ ಮಾಡುತ್ತಿದ್ದದ್ದು ದೊರೈಸಾಮಿ ಎಂಬುವರ ಶೆಡ್ಡಿನಲ್ಲಿ. ಏಜೆಂಟನ ನೆಂಟರಿಂದಲೇ ನೂಲು ತರಿಸುತ್ತಿದ್ದ ದೊರೈಸಾಮಿ, “ಇದು ತರಿ ಶೆಡ್ಡು, ಪಾಠ ಹೇಳೋ ಪಳ್ಳಿಕೂಡ ಅಲ್ಲ” ಎಂದು ಅವರನ್ನು ಹೊರಗೆ ಕಳಿಸಿದರು. ಮನೆಯ ಮುಂದೆ ಮೂವರು ಬಂದು ನಿಂತು, ಹೆಂಡತಿಯ ಬಾಯಿ ಮುಚ್ಚಿಸು ಎಂದು ಸುಬ್ಬಯ್ಯನ್‌ಗೆ ಹೇಳಿದರು. ಮಾತು ಕಡಿಮೆಯ ಸುಬ್ಬಯ್ಯನ್ ಅವತ್ತು ಹೇಳಿದ್ದನ್ನು ಓಣಿಯವರು ಈಗಲೂ ನೆನೆಯುತ್ತಾರೆ: “ಒಂದು ಕೈ ತರಿ ತಗೊಂತು. ಇನ್ನೊಂದು ಇಲ್ಲೇ ಇದೆ. ಒಳಗೆ ಬನ್ನಿ.” ಅವರು ಒಳಗೆ ಬರಲಿಲ್ಲ.

ನಾಲ್ಕು ತಿಂಗಳು ಯಾವ ಶೆಡ್ಡಿನಲ್ಲೂ ಕೆಲಸ ಸಿಗಲಿಲ್ಲ. ಮಗಳ ಟೈಪಿಂಗ್ ಕೆಲಸದಿಂದ ಮನೆ ನಡೆಯಿತು. ಪಾಠ ಜಗಲಿಗೆ ಬಂತು. ಮೊದಲು ಇಬ್ಬರು ಮೂವರು ಬರುತ್ತಿದ್ದವರು ಹತ್ತು ಮಂದಿಯಾದರು. ಸ್ಟೇಷನ್ನಿನ ಸುದ್ದಿ ಅಷ್ಟು ದೂರ ಹೋಗಿತ್ತು. ಕೊನೆಗೆ ಕನ್ನಿಯಮ್ಮಾಳ್ ತಾವೇ ಬಂದು ಕರೆದರು.

ಶಿವಗಾಮಿ ಸುಮ್ಮನೆ ಕೂರಲಿಲ್ಲ. ಸರ್ಕಾರದಲ್ಲಿ ನೋಂದಣಿಯಾದ ಬೇರೆ ಏಜೆಂಟರನ್ನು ಹುಡುಕಿ, ಕೆಲಸದ ಕರಾರನ್ನು ವಿಜಯಕುಮಾರಿಯಿಂದ ಸಾಲು ಸಾಲು ಓದಿಸಿಕೊಂಡು, ಮದರಾಸಿನಲ್ಲಿ ಸರ್ಕಾರಿ ಮೊಹರು ಹಾಕಿಸಿಕೊಂಡು ಅದೇ ವರ್ಷ ಆಗಸ್ಟಿನಲ್ಲಿ ಮಸ್ಕತ್ತಿಗೆ ಹೋದಳು. ಮೂರು ತಿಂಗಳಾದ ಮೇಲೆ ಮೊದಲ ಕ್ಯಾಸೆಟ್ ಬಂತು. ಕುನ್ನತ್ತೂರಿನ ಅವಳ ಮನೆಯಲ್ಲಿ ಹದಿನೈದು ಮಂದಿ ಉಸಿರು ಬಿಗಿಹಿಡಿದು ಕೇಳಿದರಂತೆ. ಬಿಸಿಲಿನ ಸುದ್ದಿ, ಮಕ್ಕಳ ತುಂಟತನ, ಗ್ಯಾಸ್ ಒಲೆ ಗೋಡೆಯ ಮೇಲಿದ್ದಂತೆಯೇ ಇದೆ ಎಂಬ ವರದಿ. ಅರ್ಧ ಗಂಟೆ ಮುಗಿಯಿತು. ಹಲ್ಲುನೋವಿನ ಮಾತು ಬರಲೇ ಇಲ್ಲ. “ಅವಳ ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದು ನೋಡ್ಬೇಕಿತ್ತು ನೀವು” ಎನ್ನುತ್ತಾರೆ ಜಾನಮ್ಮ.

ಆದರೆ ಪಾಪಾತಿಯ ಸುದ್ದಿ ಇಲ್ಲ. ಅವತ್ತಿನಿಂದ ಜಾನಮ್ಮ ಪಾಠಕ್ಕೆ ಇನ್ನೊಂದನ್ನು ಸೇರಿಸಿದರು. ಹೋಗುವ ಪ್ರತಿಯೊಬ್ಬರೂ ಅವಳ ಹೆಸರು, ಊರು, ಎಡಹುಬ್ಬಿನ ಮೇಲಿನ ಗಾಯದ ಗುರುತನ್ನು ಬಾಯಿಪಾಠ ಮಾಡಬೇಕು. ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ತಮಿಳೋ ಕನ್ನಡವೋ ಕಿವಿಗೆ ಬಿದ್ದರೆ ಕೇಳಬೇಕು. ಹುಚ್ಚು ಎಂದರು ಊರವರು. “ಮರಳುಗಾಡಲ್ಲಿ ಸೂಜಿ ಹುಡುಕ್ತಾಳೆ ಅಂದ್ರು. ಹುಡುಕ್ತೀನಿ ಅಂದೆ. ನನ್ ಕೈಯಿಂದ ಜಾರಿದ ಸೂಜಿ ತಾನೆ?”

ಎರಡು ವರ್ಷ ಹಿಡಿಯಿತು. ಈ ವರ್ಷ ಫೆಬ್ರವರಿಯಲ್ಲಿ, ಮಸ್ಕತ್ತಿನ ಮೀನು ಮಾರುಕಟ್ಟೆಯಲ್ಲಿ ಶಿವಗಾಮಿ ಕೇಳಿದ ಎಷ್ಟನೆಯವಳೋ ಒಬ್ಬ ತಮಿಳು ಹೆಂಗಸು, “ಹುಬ್ಬಿನ ಮೇಲೆ ಗಾಯವಾ?” ಎಂದು ತಿರುಗಿ ಕೇಳಿದಳು. ಸೊಹಾರ್ ಎಂಬ ಊರಿನ ಮನೆಯೊಂದರಲ್ಲಿ ಅಂಥವಳು ಇದ್ದಳು. ಎರಡು ವರ್ಷದಿಂದ ಗೇಟು ದಾಟಿರಲಿಲ್ಲ. ಶಿವಗಾಮಿಯ ಯಜಮಾನರೇ ರಾಯಭಾರ ಕಚೇರಿಗೆ ಫೋನ್ ಮಾಡಿದರು. ಏಪ್ರಿಲ್‌ನಲ್ಲಿ ಪಾಪಾತಿ ಊರಿಗೆ ಬಂದಳು.

ಈಗ ಅವಳು ಸೋಮನೂರಿನಲ್ಲೇ ಇದ್ದಾಳೆ. ನಾನು ಹೋದಾಗ ಮುಖ ತಿರುಗಿಸಿಕೊಂಡು ಕೂತಿದ್ದಳು. ಇಷ್ಟೇ ಹೇಳಿದಳು: “ನಂದೇನೂ ಬರೀಬೇಡಿ. ರೈಲಿಂದ ಇಳೀಬೇಕಿತ್ತು ಅಂತ ಬರೀರಿ.” ಜಾನಮ್ಮ ಅವಳನ್ನು ಏನೂ ಕೇಳುವುದಿಲ್ಲ, ಪಾಠಕ್ಕೆ ಬಾ ಎಂದೂ ಕರೆಯುವುದಿಲ್ಲ. ವಾರಕ್ಕೊಮ್ಮೆ ಹೋಗಿ ತಲೆಗೆ ಎಣ್ಣೆ ಹಾಕಿ ಬರುತ್ತಾರೆ. ಏಜೆಂಟನ ಮೇಲೆ ನಾಲ್ವರು ಹೆಂಗಸರು ಕೊಟ್ಟ ದೂರು ಈಗ ನ್ಯಾಯಾಲಯದಲ್ಲಿದೆ. ಜಾನಮ್ಮ ಎರಡು ಸಲ ಸಾಕ್ಷಿ ಹೇಳಿದ್ದಾರೆ. ಅವನ ಕಚೇರಿಗೆ ಬೀಗ ಬಿದ್ದಿದೆ, ಅವನು ಮಾತ್ರ ಜಾಮೀನಿನ ಮೇಲೆ ಓಡಾಡಿಕೊಂಡಿದ್ದಾನೆ.

ಅದಕ್ಕೇ ಹೊರಡುವ ಮುನ್ನ ನಾನು ಜಾನಮ್ಮನನ್ನು ಕೇಳುತ್ತೇನೆ: ನಿಮ್ಮ ಹೆಸರನ್ನೂ ಬದಲಾಯಿಸಿ ಬರೆಯಲೇ? ಊರಿನ ಹೆಸರು ಬಿಟ್ಟುಬಿಡಲೇ?

ಜಾನಮ್ಮ ಚಹಾದ ಲೋಟ ಕೆಳಗಿಡುತ್ತಾರೆ. ಆಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವ ಅಂಕಿಗಳನ್ನು ತೋರಿಸುತ್ತಾರೆ.

“ಹೆಸ್ರು ಹಾಕಿ ಸಾರ್. ಜಾನಮ್ಮ, ಸುಬ್ಬಯ್ಯನ್ ಹೆಂಡತಿ, ಸೋಮನೂರು. ಅಲ್ಲಿ ಬರ್ದಿದೆಯಲ್ಲ ಮನೆ ನಂಬರು, ಅದನ್ನೂ ಹಾಕಿ. ಅವನು ಬರೋದಾದ್ರೆ ಬರಲಿ. ಪಾಠಕ್ಕೆ ಬರೋರಿಗೆ ದಾರಿ ತಿಳೀಬೇಕು ತಾನೆ?”

ಮನೆ ನಂಬರು ಇಪ್ಪತ್ತೇಳು.